ಬಾಡಿಗೆ ತಕರಾರಿಗೆ ಕೋರ್ಟ್ ತೀರ್ಪು ಹುಡುಕುವ ಮೊದಲು: ಕೊಡಗಿನ ಮಾಲೀಕರಿಗೂ ಬಾಡಿಗೆದಾರರಿಗೂ ಮಾರ್ಗದರ್ಶಿ

"12 ವರ್ಷ ಬಾಡಿಗೆಗಿದ್ದರೆ ಮನೆ ಬಾಡಿಗೆದಾರನದ್ದೇ ಆಗುತ್ತದಂತೆ, ಸುಪ್ರೀಂ ಕೋರ್ಟ್ ತೀರ್ಪು ಬಂದಿದೆಯಂತೆ. ನಿಜವಾ?" ಮಡಿಕೇರಿಯಿಂದ, ಗೋಣಿಕೊಪ್ಪದಿಂದ, ಕುಶಾಲನಗರದಿಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಾಲೀಕರು ಹೆದರಿ ಕೇಳುತ್ತಾರೆ. ಬಾಡಿಗೆದಾರರು ಆಸೆಯಿಂದ ಕೇಳುತ್ತಾರೆ.

ನಿಜ ಅಲ್ಲ. ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಂದಲೇ ಒಳಗೆ ಬಂದವರು. ಒಪ್ಪಿಗೆಯಿಂದ ಇರುವವರು ಎಷ್ಟು ವರ್ಷ ಇದ್ದರೂ ಮಾಲೀಕರಾಗುವುದಿಲ್ಲ. 12 ವರ್ಷದ ಮಾತು ಬಂದಿರುವುದು 'ಪ್ರತಿಕೂಲ ಸ್ವಾಧೀನ'ದಿಂದ. ಅಂದರೆ ಮಾಲೀಕರ ಹಕ್ಕನ್ನೇ ಒಪ್ಪದೆ, ಎಲ್ಲರಿಗೂ ಗೊತ್ತಾಗುವಂತೆ ಆಸ್ತಿಯನ್ನು ಹಿಡಿದುಕೊಂಡಿರುವುದು. ಅಂಥ ಕೇಸಿನ ಬಗ್ಗೆ ತೀರ್ಪು ಬಂದಾಗಲೆಲ್ಲ ಯಾರೋ ಅದಕ್ಕೆ 'ಬಾಡಿಗೆದಾರ' ಅನ್ನುವ ಪದ ಸೇರಿಸಿ ವಾಟ್ಸಾಪ್‌ನಲ್ಲಿ ಹರಿಬಿಡುತ್ತಾರೆ.

ಆದರೆ ಮಾಲೀಕರು ಪೂರ್ತಿ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಬಾಡಿಗೆ ಸಂಬಂಧ ಮುಗಿದ ದಿನದಿಂದ 12 ವರ್ಷದೊಳಗೆ ಸ್ವಾಧೀನಕ್ಕೆ ದಾವೆ ಹಾಕಬೇಕು. ನೋಟಿಸ್ ಕೊಟ್ಟು ಬಾಡಿಗೆ ಮುಗಿಸಿ, ಆಮೇಲೆ ಸುಮ್ನೆ ಕೂತರೆ ಕಷ್ಟ. ಬಾಕಿ ಬಾಡಿಗೆ ವಸೂಲಿಗಂತೂ ಇರುವುದು ಬರೀ 3 ವರ್ಷ.

ತೀರ್ಪನ್ನು ಅದು ನಿಂತಿರುವ ಕಾನೂನಿನಿಂದ ಕಿತ್ತು ಓದಿದರೆ ಹೀಗೆಯೇ ಆಗುತ್ತದೆ. ಅದಕ್ಕೇ ತೀರ್ಪು ಹುಡುಕುವ ಮೊದಲು ನಿಮ್ಮ ಬಾಡಿಗೆ ಯಾವ ಕಾನೂನಿನಡಿ ಬರುತ್ತದೆ ಅಂತ ತಿಳಿದುಕೊಳ್ಳಿ.

ಹಂತ 1: ನಿಮ್ಮದು ಯಾವ ಬಗೆಯ ಬಾಡಿಗೆ?

ಕೊಡಗಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಪೇಟೆಯ ಮನೆ, ಅಂಗಡಿ ಮಳಿಗೆ, ಗದ್ದೆ, ಕಾಫಿ ತೋಟ, ಲೈನ್ ಮನೆ, ಹೋಂಸ್ಟೇ, ಒಂದೊಂದಕ್ಕೂ ಒಂದೊಂದು ದಾರಿ.

ಮೊದಲು ಮನೆ ಮತ್ತು ಅಂಗಡಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಈ ಕಾಯ್ದೆ ಬಾಡಿಗೆದಾರರಿಗೆ ಒಳ್ಳೆಯ ರಕ್ಷಣೆ ಕೊಡುತ್ತದೆ. ಕಾಯ್ದೆ ಹೇಳಿದ ಕಾರಣಗಳಲ್ಲಿ ಒಂದಾದರೂ ಇಲ್ಲದಿದ್ದರೆ ಖಾಲಿ ಮಾಡಿಸಲು ಆಗುವುದಿಲ್ಲ. ಆದರೆ ಇದರ ವ್ಯಾಪ್ತಿ ತುಂಬಾ ಚಿಕ್ಕದು. ಅನುಸೂಚಿಯಲ್ಲಿ ಹೆಸರಿಸಿದ ಊರುಗಳಿಗೆ ಮಾತ್ರ ಅನ್ವಯ. ಅಲ್ಲೂ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟಿದರೆ ಕಾಯ್ದೆ ಅನ್ವಯಿಸುವುದಿಲ್ಲ. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡ ವಾಣಿಜ್ಯ ಮಳಿಗೆಯೂ ಹೊರಗೆ. ಹೊಸ ಕಟ್ಟಡಕ್ಕೆ 15 ವರ್ಷ ವಿನಾಯಿತಿ. ಇವತ್ತು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ 2,000 ರೂಪಾಯಿಗೆ ಮನೆ ಎಲ್ಲಿ ಸಿಗುತ್ತದೆ? ಹಾಗಾಗಿ ಈಗಿನ ಬಹುಪಾಲು ಬಾಡಿಗೆಗಳು ಬರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ.

ಈ ಎರಡು ಕಾನೂನುಗಳ ನಡುವಿನ ವ್ಯತ್ಯಾಸ ದೊಡ್ಡದು. ಬಾಡಿಗೆ ಕಾಯ್ದೆಯಡಿ 'ನನಗೇ ಮನೆ ಬೇಕು' ಅನ್ನುವ ಮಾಲೀಕರು ಅದು ಪ್ರಾಮಾಣಿಕ ಅಗತ್ಯ ಅಂತ ಸಾಬೀತು ಮಾಡಬೇಕು. 1882ರ ಕಾಯ್ದೆಯಡಿ ಕಾರಣವೇ ಬೇಡ. ಕರಾರಿನ ಅವಧಿ ಮುಗಿದಿದ್ದರೆ, ಅಥವಾ ತಿಂಗಳ ಬಾಡಿಗೆಗೆ ಸರಿಯಾದ ನೋಟಿಸ್ ಕೊಟ್ಟಿದ್ದರೆ ಸಾಕು. ಮಗಳ ಮದುವೆ, ಮಗನ ವ್ಯಾಪಾರ ಅಂತ ಕಾರಣ ಕಟ್ಟಿ, ಅದನ್ನು ಸಾಬೀತು ಮಾಡಲು ವರ್ಷಗಟ್ಟಲೆ ಒದ್ದಾಡಿದ ಮಾಲೀಕರಿದ್ದಾರೆ. ಇನ್ನೊಂದು ಕಡೆ, 'ಕಾರಣ ಹೇಳದೆ ಬಿಡಿಸುವಂತಿಲ್ಲ' ಅನ್ನುವ ತೀರ್ಪು ಹಿಡಿದು ಧೈರ್ಯವಾಗಿ ಕೂತ ಬಾಡಿಗೆದಾರರೂ ಇದ್ದಾರೆ. ಇಬ್ಬರೂ ತಮ್ಮ ಕೇಸಿಗೆ ಸಂಬಂಧವೇ ಇಲ್ಲದ ತೀರ್ಪು ಓದಿದವರು.

ಈಗ ಜಮೀನು. ಗದ್ದೆಯನ್ನು ಗುತ್ತಿಗೆಗೆ ಕೊಡುವ ಮೊದಲು ಎಚ್ಚರ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಜಮೀನಿನ ಗೇಣಿಯನ್ನು ನಿಷೇಧಿಸುತ್ತದೆ. ಸೇವೆಯಲ್ಲಿರುವ ಸೈನಿಕರಿಗೆ ಇದರಲ್ಲಿ ವಿನಾಯಿತಿ ಇದೆ. ಮನೆಗೊಬ್ಬರು ಸೈನ್ಯದಲ್ಲಿರುವ ನಮ್ಮ ಜಿಲ್ಲೆಯಲ್ಲಿ ಇದು ತಿಳಿದಿರಬೇಕಾದ ವಿಷಯ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ತೋಟಗಳ ಮಾತು ಬೇರೆ. 104ನೇ ಕಲಂ ತೋಟಗಳನ್ನು ಈ ಕಾಯ್ದೆಯ ಕೆಲವು ನಿಯಮಗಳಿಂದ ಹೊರಗಿಟ್ಟಿದೆ. ಆದ್ದರಿಂದ ಒಂದೇ ಕುಟುಂಬದ ಒಂದೇ ಆಸ್ತಿಯಲ್ಲಿ ತೋಟಕ್ಕೂ ಗದ್ದೆಗೂ ಬೇರೆ ಬೇರೆ ನಿಯಮ ಇರಬಹುದು. ಎರಡನ್ನೂ ಸೇರಿಸಿ ಒಂದೇ ಕರಾರು ಬರೆಯಬೇಡಿ.

ಕೊನೆಯದು, ನೋಡಲು ಬಾಡಿಗೆಯಂತಿದ್ದರೂ ಬಾಡಿಗೆ ಅಲ್ಲದ್ದು. ತೋಟ ನೋಡಿಕೊಳ್ಳಲು ಇಟ್ಟವರು, ಲೈನ್ ಮನೆಯಲ್ಲಿರುವ ಕಾರ್ಮಿಕರು, ಹೋಂಸ್ಟೇ ಅತಿಥಿ, ಇವರ್ಯಾರೂ ಬಾಡಿಗೆದಾರರಲ್ಲ. ಮಾಲೀಕರು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದು, ಮನೆಯ ಕೀಲಿಯನ್ನು ನಂಬಿಕಸ್ತರ ಕೈಗೆ ಕೊಟ್ಟಿರುವ ಮನೆಗಳು ಇಲ್ಲಿ ಬಹಳ. ಅಂಥವರು ಓದಲೇಬೇಕಾದ ತೀರ್ಪು ಒಂದಿದೆ: 2012ರ ಮರಿಯಾ ಮಾರ್ಗರಿಡಾ ಪ್ರಕರಣ. ಅದು ಗೋವಾದ ಒಂದು ಮನೆಯ ವ್ಯಾಜ್ಯ. ಮನೆ ನೋಡಿಕೊಳ್ಳುವವರು, ಕಾವಲುಗಾರರು, ಕೆಲಸದವರು ಎಷ್ಟು ಕಾಲ ಅಲ್ಲಿದ್ದರೂ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಲೈನ್ ಮನೆಯ ಕಾರ್ಮಿಕರಿಗಾದರೋ ತೋಟ ಕಾರ್ಮಿಕರ ಕಾನೂನಿನ ರಕ್ಷಣೆ ಇದೆ. ಅವರ ವಿಷಯಕ್ಕೆ ಬಾಡಿಗೆ ತೀರ್ಪು ತರಬೇಡಿ.

ಹಾಗಂತ ಕಾಗದದ ಮೇಲೆ 'ಇದು ಬಾಡಿಗೆ ಅಲ್ಲ, ಬರೀ ಅನುಮತಿ' ಅಂತ ಬರೆಸಿಕೊಂಡ ಮಾತ್ರಕ್ಕೆ ಮಾಲೀಕರು ಗೆಲ್ಲುವುದಿಲ್ಲ. 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಿಂದ ಇಂದಿನವರೆಗೆ ಕೋರ್ಟುಗಳು ಹೆಸರನ್ನು ನೋಡುವುದಿಲ್ಲ, ಒಳಗಿನ ನಿಜವನ್ನು ನೋಡುತ್ತವೆ. ಬೇರೆ ಯಾರೂ ಕಾಲಿಡದಂತೆ ಜಾಗ ಪೂರ್ತಿ ಅವರ ವಶದಲ್ಲಿದೆಯೇ? ತಿಂಗಳು ತಿಂಗಳು ಹಣ ಬರುತ್ತಿದೆಯೇ? ಹಾಗಿದ್ದರೆ ಅದನ್ನು ಬಾಡಿಗೆ ಅಂತಲೇ ತೀರ್ಮಾನಿಸುವ ಸಂಭವ ಜಾಸ್ತಿ.

ಹಂತ 2: ಕಾಗದಗಳನ್ನು ಜೋಡಿಸಿ

ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ರಸೀದಿ, ಬಾಡಿಗೆ ಕಟ್ಟಿದ ಬ್ಯಾಂಕ್ ಪಟ್ಟಿ, ಕರೆಂಟ್ ಬಿಲ್, ಮನೆ ಕಂದಾಯದ ರಸೀದಿ, ತೋಟವಾದರೆ ಪಹಣಿ, ಇಬ್ಬರ ನಡುವಿನ ವಾಟ್ಸಾಪ್ ಮಾತುಕತೆ. ವಾಟ್ಸಾಪ್ ಸಂದೇಶವನ್ನು ಸಾಕ್ಷಿಯಾಗಿ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲದು. ಆದ್ದರಿಂದ ಮೂಲ ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ.

ಕರಾರು ಎಷ್ಟು ಅವಧಿಗೆ ಅಂತ ನೋಡಿ. ಒಂದು ವರ್ಷ ಮೀರಿದ ಬಾಡಿಗೆ ಅಥವಾ ಲೀಸ್ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. 11 ತಿಂಗಳ ಕರಾರು ಇಷ್ಟು ಬಳಕೆಗೆ ಬಂದದ್ದೇ ಇದನ್ನು ತಪ್ಪಿಸಲು. ಹಾಗಾದರೆ ನೋಂದಣಿ ಇಲ್ಲದ 5 ವರ್ಷದ ಕರಾರು ಇದ್ದರೆ ಏನಾಗುತ್ತದೆ? 2000ದ ಆಂತೋನಿ ವಿರುದ್ಧ ಇಟೂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. 5 ವರ್ಷದ ಅವಧಿ ನಿಲ್ಲುವುದಿಲ್ಲ. ಆದರೆ ಸ್ವಾಧೀನ ಕೊಟ್ಟು ಬಾಡಿಗೆ ಪಡೆದಿರುವುದರಿಂದ ತಿಂಗಳ ಬಾಡಿಗೆ ಸಂಬಂಧ ಇದ್ದೇ ಇರುತ್ತದೆ. ಮಾಲೀಕರು 'ಇವರು ಅತಿಕ್ರಮಣದಾರರು' ಅನ್ನುವಂತಿಲ್ಲ. ಬಾಡಿಗೆದಾರರು '5 ವರ್ಷ ಮುಟ್ಟುವಂತಿಲ್ಲ' ಅನ್ನುವಂತಿಲ್ಲ.

ತೋಟ ಗುತ್ತಿಗೆ ಪಡೆಯುವವರಿಗೆ ಇಲ್ಲೊಂದು ದೊಡ್ಡ ಅಪಾಯ ಇದೆ. ಕೃಷಿ ಉದ್ದೇಶದ ಗುತ್ತಿಗೆಯನ್ನು ಕಾನೂನು ವರ್ಷದಿಂದ ವರ್ಷಕ್ಕೆ ಅಂತ ಭಾವಿಸುತ್ತದೆ, ಬಿಡಿಸಲು 6 ತಿಂಗಳ ನೋಟಿಸ್ ಬೇಕು. ಆದರೆ ಅಂಥ ಗುತ್ತಿಗೆಗೆ ನೋಂದಾಯಿತ ಪತ್ರವೇ ಬೇಕು. ಕಾರ್ಖಾನೆ ಉದ್ದೇಶದ ಬಾಡಿಗೆಗೂ 1882ರ ಕಾಯ್ದೆಯ 106ನೇ ಕಲಂನಲ್ಲಿ ಇದೇ ನಿಯಮ. ಅಂಥದ್ದೊಂದು ಕೇಸಿನಲ್ಲಿ, 2001ರ ಸಮೀರ್ ಮುಖರ್ಜಿ ಪ್ರಕರಣದಲ್ಲಿ, ನೋಂದಾಯಿತ ಪತ್ರ ಇಲ್ಲದ್ದರಿಂದ 6 ತಿಂಗಳ ನೋಟಿಸಿನ ರಕ್ಷಣೆಯೇ ಬಾಡಿಗೆದಾರರಿಗೆ ಸಿಗಲಿಲ್ಲ. ಛಾಪಾ ಕಾಗದದ ಮೇಲೆ ಮೂರು ವರ್ಷಕ್ಕೆ ಬರೆಸಿ, ಗೊಬ್ಬರ ಹಾಕಿ, ಕಸಿ ಮಾಡಿಸಿ, ಫಸಲು ಕೈಗೆ ಬರುವ ಹೊತ್ತಿಗೆ 15 ದಿನದ ನೋಟಿಸ್ ಬಂದರೆ ಎಂಥ ಸಂಕಟ, ಯೋಚಿಸಿ. ನೋಂದಣಿ ಖರ್ಚು ಉಳಿಸಲು ಹೋಗಬೇಡಿ. ಗುತ್ತಿಗೆಯ ಅವಧಿ ಅನಿಶ್ಚಿತವಾಗಿದ್ದು, ನಿಮ್ಮ ತಪ್ಪಿಲ್ಲದೆ ಮುಗಿದರೆ, ನೀವು ಬೆಳೆಸಿದ ನಿಂತ ಫಸಲನ್ನು ಕೊಯ್ದು ಒಯ್ಯುವ ಹಕ್ಕನ್ನು 108ನೇ ಕಲಂ ಕೊಡುತ್ತದೆ. ಅದೇ ಕಲಂ ಮರ ಕಡಿಯುವುದನ್ನೂ ಮಾರುವುದನ್ನೂ ತಡೆಯುತ್ತದೆ. ಸಿಲ್ವರ್ ಓಕ್ ಕಡಿಯುವ ವಿಷಯಕ್ಕೆ ಎಷ್ಟೋ ಗುತ್ತಿಗೆಗಳು ಮುರಿದಿವೆ. ನೆರಳು ತೆಗೆಯುವುದು ಎಲ್ಲಿಯವರೆಗೆ, ಮರ ಯಾರದ್ದು, ಮೆಣಸಿನ ಬಳ್ಳಿ ಯಾರದ್ದು ಅಂತ ಕರಾರಿನಲ್ಲೇ ಬರೆಯಿರಿ.

ಛಾಪಾ ಕಾಗದ ಕಡಿಮೆ ಬೆಲೆಯದ್ದಾಗಿದ್ದರೆ ಕೋರ್ಟ್ ಆ ಪತ್ರವನ್ನು ಹಾಗೇ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಬಾಕಿ ಸುಂಕದ ಜೊತೆ ಅದರ 10 ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಇನ್ನೊಂದು ಕೊಡಗಿನದ್ದೇ ತೊಡಕು. ಜಮ್ಮಾ ಆಸ್ತಿಯಲ್ಲಿ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ, ಪಹಣಿ ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನಲ್ಲಿ ಇರುತ್ತದೆ, ಒಕ್ಕದವರು, ಅಂದರೆ ಮನೆತನದವರು, ಹಲವರು ಇರುತ್ತಾರೆ. ಬಾಡಿಗೆ ಒಬ್ಬರಿಗೆ ಕೊಡುತ್ತಿದ್ದೀರಿ, ನೋಟಿಸ್ ಇನ್ನೊಬ್ಬರಿಂದ ಬಂತು. ಏನು ಮಾಡುವುದು? ಸಹಮಾಲೀಕರಲ್ಲಿ ಒಬ್ಬರೇ ದಾವೆ ಹಾಕಬಹುದು ಅಂತ 1976ರಲ್ಲೇ, ಶ್ರೀರಾಮ್ ಪಸ್ರಿಚಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಉಳಿದವರು ವಿರೋಧಿಸಿದರೆ ಮಾತು ಬೇರೆ. ಬಾಡಿಗೆದಾರರಾಗಿ ನೀವು ಯಾರಿಂದ ಕೀಲಿ ಪಡೆದಿರೋ ಅವರ ಹಕ್ಕನ್ನೇ ಪ್ರಶ್ನಿಸಲು ಹೋಗಬೇಡಿ. ಸಾಕ್ಷ್ಯ ಕಾನೂನು ಅದಕ್ಕೆ ಬಿಡುವುದಿಲ್ಲ.

ಹಂತ 3: ತೀರ್ಪನ್ನು ಹುಡುಕಿ, ಪೂರ್ತಿ ಓದಿ

ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು ಉಚಿತವಾಗಿ ಸಿಗುತ್ತವೆ, ಕೆಲವು ಕನ್ನಡದಲ್ಲೂ ಇವೆ. ನಿಮ್ಮದೇ ಕೇಸಿನ ಸ್ಥಿತಿ ನೋಡಲು ಇ-ಕೋರ್ಟ್ಸ್ ತಾಣದಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಬೇಕು. ಪ್ರತಿ ಕೇಸಿಗೂ ಕೋರ್ಟ್ ಕೊಡುವ ಗುರುತಿನ ಸಂಖ್ಯೆ ಅದು. ಕೊಡಗು ಬರುವುದು ಹೈಕೋರ್ಟಿನ ಬೆಂಗಳೂರು ಪೀಠದಡಿ.

ತೀರ್ಪು ಸಿಕ್ಕಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಯಾವ ರಾಜ್ಯದ, ಯಾವ ಕಾಯ್ದೆಯಡಿ ಬಂದದ್ದು? ದೆಹಲಿ, ಮುಂಬೈ ಬಾಡಿಗೆ ಕಾಯ್ದೆಗಳ ಮಾತು ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಎಷ್ಟು ನ್ಯಾಯಮೂರ್ತಿಗಳ ಪೀಠ? ಮೂವರ ತೀರ್ಪಿನ ಮುಂದೆ ಇಬ್ಬರ ತೀರ್ಪು ನಿಲ್ಲುವುದಿಲ್ಲ. ಆಮೇಲೆ ಯಾರಾದರೂ ಅದನ್ನು ರದ್ದು ಮಾಡಿದ್ದಾರಾ? ಕೊನೆಯ ಈ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ.

ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಮನೆ, ಅಂಗಡಿಗಳು ಹೋದವು. ಇಂಥ ಸಂದರ್ಭದಲ್ಲಿ 'ಕಟ್ಟಡವೇ ಇಲ್ಲ, ಇನ್ನು ಬಾಡಿಗೆ ಸಂಬಂಧ ಎಲ್ಲಿದೆ?' ಅನ್ನುವ ಪ್ರಶ್ನೆ ಬರುತ್ತದೆ. ಹುಡುಕಿದರೆ 2001ರ ಒಂದು ತೀರ್ಪು ಸಿಗುತ್ತದೆ. ಕೇರಳದ ಅಂಗಡಿಯೊಂದು ಬೆಂಕಿಗೆ ಸುಟ್ಟುಹೋದ ಪ್ರಕರಣ. ಕಟ್ಟಡ ಹೋದರೆ ಬಾಡಿಗೆದಾರಿಕೆಯೂ ಹೋಯಿತು ಅಂತ ಅದು ಹೇಳುತ್ತದೆ. ಅಲ್ಲಿಗೇ ನಿಲ್ಲಿಸಿದರೆ ತಪ್ಪು ದಾರಿ ಹಿಡಿಯುತ್ತೀರಿ. 2014ರಲ್ಲಿ ಶಾಹಾ ರತನ್ಸಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. ಬಾಡಿಗೆ ಗೋಡೆ-ಮಾಡಿಗೆ ಮಾತ್ರ ಅಲ್ಲ, ಕೆಳಗಿನ ನೆಲಕ್ಕೂ ಸೇರಿದ್ದು. ಹಾಗಾಗಿ ಕಟ್ಟಡ ಬಿದ್ದ ಮಾತ್ರಕ್ಕೆ ಸಂಬಂಧ ಮುಗಿಯುವುದಿಲ್ಲ ಅಂದಿತು.

ಬಾಡಿಗೆದಾರರು ಇದನ್ನು ಅರ್ಧ ಮಾತ್ರ ಓದಬಾರದು. ಬೆಂಕಿ, ಬಿರುಗಾಳಿ, ಪ್ರವಾಹದಂಥ ಕಾರಣದಿಂದ ಜಾಗದ ಮುಖ್ಯ ಭಾಗ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ, ಬಾಡಿಗೆ ಮುಗಿಸುವ ಆಯ್ಕೆ 108ನೇ ಕಲಂ ಪ್ರಕಾರ ನಿಮಗೆ ಇದೆ. ಆ ಆಯ್ಕೆ ಬಳಸದೆ ಸುಮ್ನಿದ್ದರೆ ಬಾಡಿಗೆಯ ಹೊಣೆ ಮುಂದುವರಿಯುತ್ತದೆ. 'ವ್ಯಾಪಾರ ನಿಂತಿತು, ಆದ್ದರಿಂದ ಕರಾರು ತಾನಾಗಿ ರದ್ದು' ಅನ್ನುವ ವಾದವನ್ನು 1968ರ ರಾಜಾ ಧ್ರುವದೇವ್ ಚಂದ್ ಪ್ರಕರಣ ಒಪ್ಪುವುದಿಲ್ಲ. ಜಾಗ ಬೇಡ ಅಂದರೆ ಬೇಡ ಅಂತ ಬರೆದು ಕಳಿಸಿ, ದಿನಾಂಕ ಹಾಕಿ. ಪುನಃ ಕಟ್ಟಿದ ಮೇಲೆ ಬೇಕು ಅಂತಿದ್ದರೆ ಅದನ್ನೂ ಬರೆಯಿರಿ.

'ಹೊಸ ಬಾಡಿಗೆ ನಿಯಮ, ಅಡ್ವಾನ್ಸ್ ಎರಡೇ ತಿಂಗಳು' ಅನ್ನುವ ಸುದ್ದಿಯನ್ನೂ ತುಂಬಾ ಜನ ಕಳಿಸುತ್ತಾರೆ. ಅದು 2021ರ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ಮಾಡುವವರೆಗೆ ಇಲ್ಲಿನ ಅಡ್ವಾನ್ಸ್‌ಗೆ ಆ ಮಿತಿ ಇಲ್ಲ.

ಹಂತ 4: ಬಾಡಿಗೆದಾರರು ಮಾಡಬೇಕಾದದ್ದು

ಬಾಡಿಗೆ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಿದವರ ಕೇಸು ಅಲ್ಲಿಂದಲೇ ದುರ್ಬಲವಾಗುತ್ತದೆ. ಮಾಲೀಕರು ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಅವರ ಬ್ಯಾಂಕ್ ಖಾತೆಗೆ ಹಾಕಿ, ಯಾವ ತಿಂಗಳದ್ದು ಅಂತ ನಮೂದಿಸಿ.

ಮಳೆಗಾಲದಲ್ಲಿ ಮಾಡು ಸೋರುತ್ತಿದ್ದು, ರಿಪೇರಿ ಮಾಲೀಕರ ಹೊಣೆ ಆಗಿದ್ದರೆ ಮೊದಲು ಬರವಣಿಗೆಯಲ್ಲಿ ತಿಳಿಸಿ. ತಕ್ಕ ಸಮಯದೊಳಗೆ ಮಾಡಿಸದಿದ್ದರೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ನೋಟಿಸ್ ಇಲ್ಲದೆ, ಬಿಲ್ ಇಲ್ಲದೆ ಕಳೆದರೆ ಅದು ಬಾಕಿ ಅನ್ನಿಸಿಕೊಳ್ಳುತ್ತದೆ.

ಬೀಗ ಒಡೆದು ಸಾಮಾನು ಹೊರಗೆ ಹಾಕಿದರೆ? ಅವಧಿ ಮುಗಿದಿದ್ದರೂ ಮಾಲೀಕರಿಗೆ ಆ ಅಧಿಕಾರ ಇಲ್ಲ. ನೆಲೆಯಾಗಿ ಸ್ವಾಧೀನದಲ್ಲಿರುವವರನ್ನು ಕಾನೂನಿನ ಮೂಲಕವೇ ಹೊರಗೆ ಹಾಕಬೇಕು ಅಂತ 1989ರ ಕೃಷ್ಣ ರಾಮ್ ಮಹಾಲೆ ಪ್ರಕರಣ ಹೇಳಿದೆ. ಹೊರಗೆ ಹಾಕಿಸಿಕೊಂಡವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಸ್ವಾಧೀನ ವಾಪಸ್ ಕೇಳಬಹುದು. ಆದರೆ 6 ತಿಂಗಳೊಳಗೆ. ಈ ಗಡುವು ತಪ್ಪಿದರೆ ಆ ಸುಲಭ ದಾರಿ ಮುಚ್ಚಿಹೋಗುತ್ತದೆ. ಕರೆಂಟ್ ತೆಗೆಸಿದರೂ ಸುಮ್ಮನಿರಬೇಡಿ. ವಿದ್ಯುತ್ ಮೂಲಭೂತ ಅಗತ್ಯ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ತಪ್ಪಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಂತ 5: ಮಾಲೀಕರು ಮಾಡಬೇಕಾದದ್ದು

ಪೊಲೀಸ್ ಠಾಣೆಗೆ ಹೋಗಿ ಖಾಲಿ ಮಾಡಿಸಿ ಅಂತ ಕೇಳಬೇಡಿ. ಇದು ಸಿವಿಲ್ ವಿಷಯ. ಮನೆ ಖಾಲಿ ಮಾಡಿಸುವ ಆದೇಶ ಕೊಡಬೇಕಾದದ್ದು ಕೋರ್ಟ್.

ತಿಂಗಳ ಬಾಡಿಗೆಯಾದರೆ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಡಿ. ಬರವಣಿಗೆಯಲ್ಲಿ, ಸಹಿ ಹಾಕಿ, ಅಂಚೆಯಲ್ಲಿ. 15 ದಿನ ಎಣಿಸಬೇಕಾದದ್ದು ಅವರ ಕೈ ಸೇರಿದ ದಿನದಿಂದ. ಕರಾರಿನಲ್ಲಿ ಎರಡು ತಿಂಗಳು ಅಂತ ಬರೆದಿದ್ದರೆ ಅದೇ ಲೆಕ್ಕ. ಕರಾರಿನ ನಿಗದಿತ ಅವಧಿ ಮುಗಿದಿದ್ದರೆ ನೋಟಿಸ್ ಕಡ್ಡಾಯ ಅಲ್ಲ, ಆದರೂ ಕೊಡುವುದು ಒಳ್ಳೆಯದು. ನೋಟಿಸ್‌ನಲ್ಲಿ ದಿನದ ಲೆಕ್ಕ ಸ್ವಲ್ಪ ತಪ್ಪಿತು ಅಂತ ದಾವೆ ಬೀಳುತ್ತಿದ್ದ ಕಾಲ ಹೋಯಿತು. ಸರಿಯಾದ ಅವಧಿ ಕಳೆದ ಮೇಲೆ ದಾವೆ ಹಾಕಿದ್ದರೆ ಸಾಕು. ದಾವೆ ಹಾಕುವುದೇ ಬಾಡಿಗೆ ಮುಗಿಸುವ ನೋಟಿಸ್ ಅಂತಲೂ 2007ರ ನೋಪಾನಿ ಇನ್ವೆಸ್ಟ್‌ಮೆಂಟ್ಸ್ ತೀರ್ಪಿನಲ್ಲಿ ಇದೆ. ಅದನ್ನು ನಂಬಿ ನೋಟಿಸ್ ಬಿಡಬೇಡಿ. ಕಷ್ಟಕ್ಕೆ ಒದಗುವ ವಾದ ಅದು.

ನೋಟಿಸ್ ಕೊಟ್ಟ ಮೇಲೆ ಬಾಡಿಗೆ ತೆಗೆದುಕೊಳ್ಳಬಹುದೇ? ಇದನ್ನೂ ಬಹಳ ಜನ ಕೇಳುತ್ತಾರೆ. ಬಾಡಿಗೆ ಪಡೆದ ಮಾತ್ರಕ್ಕೆ ಅವಧಿ ನವೀಕರಣ ಆಗುವುದಿಲ್ಲ ಅಂತ 2000ದ ಭುವನೇಶ್ವರ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಮ್ಮ ನಡವಳಿಕೆಯಿಂದ ನೋಟಿಸ್ ಬಿಟ್ಟುಕೊಟ್ಟಿರಿ ಅಂತ ವಾದಿಸಲು 113ನೇ ಕಲಂ ಇದೆ. ಹಾಗಾಗಿ 'ಸ್ವಾಧೀನದ ನಷ್ಟಕ್ಕಾಗಿ, ಹಕ್ಕು ಬಿಟ್ಟುಕೊಡದೆ ಪಡೆದಿದ್ದೇನೆ' ಅಂತ ರಸೀದಿಯಲ್ಲಿ ಬರೆಯಿರಿ. ಬಾಡಿಗೆ ಹೆಚ್ಚಿಸಿ ಹೊಸ ರಸೀದಿ ಮಾತ್ರ ಕೊಡಬೇಡಿ.

ಕರಾರಿನಲ್ಲಿ ಮಧ್ಯಸ್ಥಿಕೆ ಷರತ್ತು ಇದೆಯೇ ಅಂತಲೂ ನೋಡಿ. ಅಂದರೆ ತಕರಾರು ಬಂದರೆ ಕೋರ್ಟ್ ಬದಲು ಇಬ್ಬರೂ ಒಪ್ಪಿದ ಮಧ್ಯಸ್ಥರು ತೀರ್ಮಾನಿಸಬೇಕು ಅನ್ನುವ ಸಾಲು. ಡಿಟಿಪಿ ಅಂಗಡಿಯ ಹಳೆಯ ನಮೂನೆಯಲ್ಲಿ ಇದು ಗೊತ್ತಿಲ್ಲದೆ ಸೇರಿರುತ್ತದೆ. 1882ರ ಕಾಯ್ದೆಯಡಿಯ ಬಾಡಿಗೆಗೆ ಈ ಷರತ್ತು ಅನ್ವಯಿಸುತ್ತದೆ, ಬಾಡಿಗೆ ಕಾಯ್ದೆಯ ರಕ್ಷಣೆ ಇರುವ ಬಾಡಿಗೆಗೆ ಇಲ್ಲ. ಇದು 2020ರ ವಿದ್ಯಾ ದ್ರೋಲಿಯಾ ತೀರ್ಪು.

ಹಂತ 6: ಕೋರ್ಟಿನಲ್ಲಿ ಮತ್ತು ಆಮೇಲೆ

ಎಲ್ಲ ಬಾಡಿಗೆ ವ್ಯಾಜ್ಯ ಒಂದೇ ಕೋರ್ಟಿಗೆ ಹೋಗುವುದಿಲ್ಲ. ಯಾವ ಕಾನೂನು ಅನ್ನುವುದರ ಮೇಲೆ ಯಾವ ಕೋರ್ಟ್ ಅನ್ನುವುದು ನಿಂತಿದೆ. ನಿಮ್ಮ ವಕೀಲರನ್ನು ಮೊದಲ ದಿನವೇ ಇದನ್ನು ಕೇಳಿ.

ವಕೀಲರಿಗೆ ಕೊಡಲು ಹಣ ಇಲ್ಲದವರು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ನೆರೆಯಂಥ ವಿಪತ್ತಿನ ಸಂತ್ರಸ್ತರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ. ಮಡಿಕೇರಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಸಹಾಯವಾಣಿ 15100.

ಲೋಕ ಅದಾಲತ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಬಾಡಿಗೆ ವ್ಯಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. 'ಮಕ್ಕಳ ಪರೀಕ್ಷೆ ಮುಗಿಯಲಿ', 'ಕಾಫಿ ಕೊಯ್ಲು ಮುಗಿಯಲಿ' ಅನ್ನುವ ಮಾತಿಗೆ ಅಲ್ಲಿ ಬೆಲೆ ಇದೆ. ಅಲ್ಲಿ ಆದ ರಾಜಿ ಕೋರ್ಟ್ ಡಿಕ್ರಿಗೆ (ಕೋರ್ಟಿನ ಅಂತಿಮ ಆದೇಶಕ್ಕೆ) ಸಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಮೇಲ್ಮನವಿ ಇಲ್ಲದ್ದರಿಂದಲೇ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿಸಿಕೊಂಡು ಕೇಳಿ.

ಬಾಡಿಗೆದಾರರು ಸೋತು ಮೇಲ್ಮನವಿ ಹೋದರೆ ಹಳೆಯ ಬಾಡಿಗೆಯಲ್ಲೇ ಇರಬಹುದು ಅಂದುಕೊಳ್ಳಬಾರದು. 2005ರ ಆತ್ಮಾರಾಂ ಪ್ರಾಪರ್ಟೀಸ್ ತೀರ್ಪಿನ ನಂತರ, ತಡೆಯಾಜ್ಞೆ ಕೊಡುವಾಗ ಕೋರ್ಟ್ ಮಾರುಕಟ್ಟೆ ದರದ ಹಣ ಕಟ್ಟಲು ಹೇಳಬಹುದು. 1,500ರ ಮಳಿಗೆಗೆ 15,000 ಕಟ್ಟುವ ಸ್ಥಿತಿ ಬರಬಹುದು.

ಗೆದ್ದ ಮಾಲೀಕರಿಗೆ ಉಳಿಯುವುದು ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ. ಅದನ್ನು 6 ತಿಂಗಳೊಳಗೆ ಮುಗಿಸಬೇಕು ಅಂತ 2021ರ ರಾಹುಲ್ ಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಸೂಚಿಸಿದೆ. ತಡವಾದರೆ ನಿಮ್ಮ ವಕೀಲರ ಮೂಲಕ ಈ ತೀರ್ಪನ್ನು ಕೋರ್ಟಿನ ಗಮನಕ್ಕೆ ತನ್ನಿ.

ರಾಜಿಯಾಗಲಿ, ಡಿಕ್ರಿಯಾಗಲಿ, ಕೀಲಿ ಕೈ ಬದಲಾಗುವ ದಿನ ಇಬ್ಬರೂ ಸೇರಿ ಒಂದು ಹಾಳೆ ಬರೆಯಿರಿ: ಯಾವ ದಿನ ಕೀಲಿ ಕೊಟ್ಟದ್ದು, ಕರೆಂಟ್ ಮೀಟರಿನ ಅಂಕಿ ಎಷ್ಟು, ಅಡ್ವಾನ್ಸ್ ಎಷ್ಟು ವಾಪಸ್, ಏನು ಕಳೆದದ್ದು. ಖಾಲಿ ಕೋಣೆಗಳ ಫೋಟೊ ತೆಗೆಯಿರಿ. ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.